ಕರು ಕುಡಿಸುವ ಹಸು ಬೆದೆಗೆ ಬಾರದಿದ್ದಾಗ: ದೋಷ ಹುಡುಕುವ ಕ್ರಮ

ಈ ಬರಹ ಒಂದೇ ದೂರಿಗೆ ಸಂಬಂಧಿಸಿದ್ದು. ಹಸು ಕರು ಹಾಕಿ ಮೂರು ನಾಲ್ಕು ತಿಂಗಳು ಕಳೆದಿರುತ್ತದೆ. ಮೇವು ತಿನ್ನುತ್ತದೆ, ಮೆಲುಕು ಹಾಕುತ್ತದೆ, ಜ್ವರವಿಲ್ಲ, ಕರು ದಿನವೆಲ್ಲ ತಾಯಿಯ ಹಿಂದೆಯೇ ಓಡಾಡುತ್ತ ಮೈತುಂಬಿಕೊಂಡಿರುತ್ತದೆ, ಆದರೆ ಹಸು ಬೆದೆಗೆ ಬಂದಿರುವುದಿಲ್ಲ. ಪಶುವೈದ್ಯನಾಗಿ ಹಳೇ ಮೈಸೂರಿನ ಹಳ್ಳಿಗಳಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿರುವ ದೂರು ಇದೇ, ಅತಿ ಹೆಚ್ಚು ಬಾರಿ ತಪ್ಪು ಚಿಕಿತ್ಸೆಗೆ ಒಳಗಾಗುವುದೂ ಇದೇ.

ಕುಣಿಗಲ್ ಕಡೆಯ ಒಂದು ಮನೆಗೆ ಆಷಾಢದಲ್ಲಿ ಹೋಗಿದ್ದೆ. ಮೊದಲ ಸೂಲಿನ ಹಳ್ಳಿಕಾರ್ ಹಸು, ಶಿವರಾತ್ರಿಯ ಮಾರನೆಯ ದಿನ ಕರು ಹಾಕಿದ್ದು. ಮನೆಯ ಹಿರಿಯ ಹೆಂಗಸು ಹಗ್ಗ ಹಿಡಿದು ನಿಂತು, "ಡಾಕ್ಟ್ರೇ, ಆಗಲೇ ಎರಡು ಸೂಜಿ ಹಾಕ್ಸಿದ್ದೀನಿ. ಒಂದೂ ಹಿಡೀಲಿಲ್ಲ. ಈ ಸಲ ಜೋರಾಗಿರೋದು ಒಂದು ಹಾಕ್ಬಿಡಿ" ಎಂದರು. ಅವರು ಮಾತನಾಡುತ್ತಿದ್ದಷ್ಟು ಹೊತ್ತೂ ಕರು ಹಿಂಗಾಲುಗಳ ನಡುವೆ ತಲೆ ತೂರಿಸಿ ಕೆಚ್ಚಲಿಗೆ ಗುದ್ದುತ್ತಲೇ ಇತ್ತು, ಹಸು ಕತ್ತು ತಿರುಗಿಸಿ ಅದರ ಬಾಲದ ಬುಡವನ್ನು ನೆಕ್ಕುತ್ತಿತ್ತು. ಉತ್ತರ ಅಲ್ಲಿಯೇ, ಎಲ್ಲರ ಕಣ್ಣೆದುರಿಗೇ ಇತ್ತು. ಆದರೂ ಹಾಗೆಂದು ತೀರ್ಮಾನಿಸುವ ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕಾಗುತ್ತದೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಯಾವ ಹಸುಗಳಿಗೆ ಇದು ಅನ್ವಯಿಸುತ್ತದೆ

ಕರು ತಾಯಿಯ ಕೆಚ್ಚಲಿನಿಂದಲೇ ಹಾಲು ಕುಡಿದು ಬೆಳೆಯುವ ಎಲ್ಲ ಹಸುಗಳಿಗೂ ಇದು ಅನ್ವಯಿಸುತ್ತದೆ. ನಮ್ಮಲ್ಲಿ ಹಳ್ಳಿಕಾರ್, ಅಮೃತ್ ಮಹಲ್, ಮಲೆನಾಡು ಗಿಡ್ಡ ಮತ್ತು ಹೆಸರಿಲ್ಲದ ನಾಟಿ ಹಸುಗಳು ಈ ಗುಂಪಿಗೆ ಸೇರುತ್ತವೆ. ಹುಟ್ಟಿದ ದಿನವೇ ಕರುವನ್ನು ಬೇರ್ಪಡಿಸಿ ಯಂತ್ರದಿಂದ ಕರೆಯುವ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿ ಹಸು ಬೆದೆಗೆ ಬಾರದಿದ್ದರೆ ಅದರ ಕಾರಣಗಳು ಬಹುಪಾಲು ಬೇರೆ, ಅದನ್ನು ಇಲ್ಲಿ ಚರ್ಚಿಸಿಲ್ಲ.

ಈ ವಿಷಯದಲ್ಲಿ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಬಂದಿರುವುದು ಅಮೆರಿಕದ ಟೆಕ್ಸಾಸ್, ನೆಬ್ರಾಸ್ಕಾ ಮತ್ತು ಐರ್ಲೆಂಡಿನಂಥ ಕಡೆಗಳಲ್ಲಿ ಮಾಂಸಕ್ಕಾಗಿ ಸಾಕುವ ಹಿಂಡುಗಳಿಂದ. ಅಲ್ಲಿ ಹಸುವನ್ನು ಯಾರೂ ಕರೆಯುವುದಿಲ್ಲ. ಕರು ಆರೆಂಟು ತಿಂಗಳು ತಾಯಿಯ ಜೊತೆಯಲ್ಲೇ ಮೇದು ಕುಡಿದು ಬೆಳೆಯುತ್ತದೆ. ಅಜ್ಜಂಪುರದ ಸುತ್ತಿನ ಕಾವಲುಗಳಲ್ಲಿ ಅಮೃತ್ ಮಹಲ್ ಹಿಂಡುಗಳು ಬದುಕಿರುವುದೂ ಇದೇ ರೀತಿಯಲ್ಲಿ. ಸಾಕುವ ಉದ್ದೇಶ ಬೇರೆಯಾದರೂ ಹಸುವಿನ ಮೈಯೊಳಗೆ ನಡೆಯುವುದು ಒಂದೇ. ಅದರಲ್ಲೂ ಟೆಕ್ಸಾಸಿನ ಪ್ರಯೋಗಗಳಲ್ಲಿ ಬಳಕೆಯಾದ ಬ್ರಾಹ್ಮನ್ ತಳಿ ನಮ್ಮ ದೇಶದ ಡುಬ್ಬದ ದನಗಳ ರಕ್ತದಿಂದಲೇ ರೂಪುಗೊಂಡದ್ದು. ಆದ್ದರಿಂದ ಅಲ್ಲಿನ ಫಲಿತಾಂಶಗಳನ್ನು ನಮ್ಮ ಕೊಟ್ಟಿಗೆಗೆ ತರುವಾಗ ಹಿಂಜರಿಯಬೇಕಾಗಿಲ್ಲ.

ಮೊದಲು ದಿನ ಎಣಿಸಿ

ಹಸು ಸುಮಾರು 283 ದಿನ ಗಬ್ಬ ಹೊರುತ್ತದೆ, ನಮ್ಮ ದೇಸಿ ತಳಿಗಳಲ್ಲಿ ಕೆಲವು ದಿನ ಹೆಚ್ಚೇ ಆಗಬಹುದು. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 80 ದಿನಗಳೊಳಗೆ ಅದು ಮತ್ತೆ ಗಬ್ಬ ಕಟ್ಟಬೇಕು. ಲೆಕ್ಕ ಇಷ್ಟೇ ಬಿಗಿಯಾಗಿದೆ. ಆದರೆ ಕರು ಹಾಕಿದ ಹಸುವಿನ ಗರ್ಭಕೋಶ ಕುಗ್ಗಿ ಮೊದಲಿನ ಗಾತ್ರಕ್ಕೆ ಮರಳಲು 30ರಿಂದ 40 ದಿನ ಬೇಕು. ಆ ಅವಧಿಯಲ್ಲಿ ಬೆದೆ ಕಾಣದಿರುವುದು ದೋಷವಲ್ಲ, ಅದಕ್ಕೆ ಚಿಕಿತ್ಸೆಯೂ ಬೇಡ. 60 ದಿನ ದಾಟಿದ ಮೇಲೆ ಗಮನ ಕೊಡಬೇಕು, 90 ದಿನ ದಾಟಿದರೆ ಪರೀಕ್ಷೆ ಮಾಡಿಸಬೇಕು ಎಂಬುದು ನಾನು ಪಾಲಿಸುವ ಅಳತೆ. ಮೊದಲ ಸೂಲಿನ ಹಸುವಿಗೆ ಇನ್ನೂ ಎರಡು ಮೂರು ವಾರ ರಿಯಾಯಿತಿ ಕೊಡಬಹುದು. ಅದು ತಾನೂ ಬೆಳೆಯುತ್ತ, ಹಾಲನ್ನೂ ಉಣಿಸುತ್ತ ಇರುವುದರಿಂದ ತಡವಾಗುವುದು ಸಹಜ.

ಕರು ಹಾಕಿದ ದಿನ ಬಹಳ ಮನೆಗಳಲ್ಲಿ ಅಂದಾಜಿನ ಮೇಲೆ ಇರುತ್ತದೆ. "ಯುಗಾದಿ ಆಸುಪಾಸು" ಎಂಬ ಉತ್ತರದಲ್ಲಿ ಮೂರು ವಾರದ ವ್ಯತ್ಯಾಸ ಅಡಗಿರಬಹುದು, ಮೂರು ವಾರವೆಂದರೆ ಒಂದು ಇಡೀ ಬೆದೆಚಕ್ರ. ಹಬ್ಬ, ಜಾತ್ರೆ, ಬಿತ್ತನೆಯ ದಿನಗಳೊಂದಿಗೆ ಹೊಂದಿಸಿ ಕೇಳಿದರೆ ಸರಿಯಾದ ದಿನ ಸಿಗುತ್ತದೆ.

ಗಬ್ಬವಾಗಿದೆಯೇ ಎಂದು ನೋಡದೆ ಮುಂದೆ ಹೋಗಬೇಡಿ

ಬೆದೆಗೆ ಬಾರದ ಹಸುವಿನ ವಿಷಯದಲ್ಲಿ ಅತ್ಯಂತ ದುಬಾರಿಯಾದ ತಪ್ಪು ಇದು. ಗೋಮಾಳದಲ್ಲಿ ಮೇಯುವ ಹಸುವನ್ನು ಊರ ಬಸವ ಯಾವಾಗ ಹಾರಿತೆಂದು ಮನೆಯವರಿಗೆ ತಿಳಿಯದೇ ಇರಬಹುದು. ಹಾಗೆ ಗಬ್ಬವಾದ ಹಸುವಿಗೆ "ಬೆದೆ ಬರಿಸುವ ಸೂಜಿ" ಎಂದು ಪ್ರೋಸ್ಟಗ್ಲಾಂಡಿನ್ ಎಂಬ ಹಾರ್ಮೋನ್ ಔಷಧ ಹಾಕಿದರೆ ಗಬ್ಬ ಹೋಗುತ್ತದೆ, ಕೆಲವು ದಿನಗಳಲ್ಲಿ ಬೆದೆಯೂ ಬರುತ್ತದೆ, ಮನೆಯವರು ಔಷಧ ಫಲಿಸಿತೆಂದು ಸಂತೋಷಪಡುತ್ತಾರೆ. ಎರಡು ತಿಂಗಳ ಜೀವ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಗುದದ್ವಾರದ ಮೂಲಕ ಕೈಹಾಕಿ ನೋಡುವ ಪರೀಕ್ಷೆಯಲ್ಲಿ ಅನುಭವವಿದ್ದ ಕೈಗೆ ಎರಡು ತಿಂಗಳ ಗಬ್ಬ ಖಚಿತವಾಗಿ ಸಿಗುತ್ತದೆ, ಸ್ಕ್ಯಾನ್ ಯಂತ್ರವಿದ್ದರೆ ಒಂದು ತಿಂಗಳಿಗೇ ತಿಳಿಯುತ್ತದೆ. ಸಂಶಯ ಉಳಿದರೆ ಮೂರು ವಾರ ಕಾಯುವುದರಿಂದ ಯಾವ ನಷ್ಟವೂ ಇಲ್ಲ.

ಬೆದೆ ಬಂದು ಹೋಗುತ್ತಿದೆಯೇ

ದೇಸಿ ಹಸುವಿನ ಬೆದೆ ಅಲ್ಪಕಾಲದ್ದು, ಬಹುಪಾಲು ಹತ್ತು ಹನ್ನೆರಡು ಗಂಟೆಯೊಳಗೆ ಮುಗಿಯುತ್ತದೆ, ಎಷ್ಟೋ ಸಲ ರಾತ್ರಿಯಲ್ಲೇ ಬಂದು ರಾತ್ರಿಯಲ್ಲೇ ಹೋಗುತ್ತದೆ. ಒಂದೇ ಹಸುವನ್ನು ಗೂಟಕ್ಕೆ ಕಟ್ಟಿರುವ ಮನೆಯಲ್ಲಿ ಅದರ ಮೇಲೆ ಹತ್ತುವ ಮತ್ತೊಂದು ದನವೂ ಇರುವುದಿಲ್ಲ. ಆದ್ದರಿಂದ ಬೆದೆ ಇಲ್ಲ ಎನ್ನುವ ಮೊದಲು, ಮೂರು ವಾರ ಕಾಲ ಬೆಳಗಿನ ಜಾವ, ಸಂಜೆ ಮತ್ತು ರಾತ್ರಿ ಮಲಗುವ ಮುನ್ನ ಹಸುವನ್ನು ನೋಡಬೇಕು. ಬೇರೆ ದನ ಮೇಲೆ ಹತ್ತಿದಾಗ ಕದಲದೆ ನಿಲ್ಲುವುದೇ ನಿಜವಾದ ಗುರುತು. ಬಾಲಕ್ಕೆ, ತೊಡೆಗೆ ಅಂಟಿ ಒಣಗಿದ ಲೋಳೆ ಮತ್ತು ಬಾಲದ ಬುಡದಲ್ಲಿ ಕೆದರಿದ ಕೂದಲು ಅದರ ಸಾಕ್ಷಿಗಳು. ಕೂಗುವುದನ್ನು ಮಾತ್ರ ಒಂದೇ ಗುರುತೆಂದು ನಂಬಬಾರದು, ಏಕೆಂದರೆ ಕರುವನ್ನು ದೂರ ಕಟ್ಟಿದ ಹಸುವೂ ಹಾಗೆಯೇ ಕೂಗುತ್ತದೆ.

ಅಂಡ ಬಿಡುಗಡೆಯಾದ ಮೇಲೆ ಅಂಡಾಶಯ ಸ್ರವಿಸುವ ಪ್ರೊಜೆಸ್ಟರಾನ್ ಹಾರ್ಮೋನನ್ನು ರಕ್ತ ಅಥವಾ ಹಾಲಿನಲ್ಲಿ ಅಳೆಯುವ ಅನುಕೂಲವಿದ್ದಲ್ಲಿ ಹತ್ತು ದಿನಗಳ ಅಂತರದಲ್ಲಿ ಎರಡು ಮಾದರಿ ತೆಗೆದರೆ ಈ ಪ್ರಶ್ನೆ ಬಗೆಹರಿಯುತ್ತದೆ. ರಕ್ತದ ಎರಡರಲ್ಲೊಂದು ಮಾದರಿಯಾದರೂ ಮಿಲಿಲೀಟರಿಗೆ 1 ನ್ಯಾನೋಗ್ರಾಂ ದಾಟಿದ್ದರೆ ಅಂಡಾಶಯ ಕೆಲಸ ಮಾಡುತ್ತಿದೆ, ಬೆದೆ ನಮ್ಮ ಕಣ್ಣಿಗೆ ತಪ್ಪುತ್ತಿದೆ ಎಂದರ್ಥ. ಎರಡೂ ಕಡಿಮೆಯಿದ್ದರೆ ಅಂಡಾಶಯ ನಿಜವಾಗಿಯೂ ಸುಮ್ಮನಿದೆ. ಅನುಕೂಲವಿಲ್ಲದ ಕಡೆ ಅದೇ ಹತ್ತು ದಿನಗಳ ಅಂತರದಲ್ಲಿ ಎರಡು ಬಾರಿ ಕೈಪರೀಕ್ಷೆ ಮಾಡಬೇಕು. ಒಂದೇ ಪರೀಕ್ಷೆಯ ಮೇಲೆ ತೀರ್ಪು ಕೊಡುವುದು ಸರಿಯಲ್ಲ.

ಗರ್ಭಕೋಶದ ದೋಷ

ಕರು ಹಾಕುವಾಗ ಎಳೆಯಬೇಕಾಗಿತ್ತೇ, ಮಾಸು ಹನ್ನೆರಡು ಗಂಟೆಯೊಳಗೆ ಬಿತ್ತೇ, ಮೂರು ವಾರದ ನಂತರವೂ ಕೀವು ಬೆರೆತ ಲೋಳೆ ಬರುತ್ತಿದೆಯೇ ಎಂದು ಕೇಳಬೇಕು. ಕೀವು ತುಂಬಿದ ಗರ್ಭಕೋಶ ಅಂಡಾಶಯಕ್ಕೆ ಕಳುಹಿಸಬೇಕಾದ ಸಂದೇಶವನ್ನು ಕಳುಹಿಸುವುದಿಲ್ಲ. ಆಗ ಅಂಡಾಶಯದ ಮೇಲಿನ ಹಳದಿ ಪಿಂಡ, ಅಂದರೆ ಕಾರ್ಪಸ್ ಲೂಟಿಯಂ, ಕರಗದೆ ಉಳಿದು ಬೆದೆ ತಡೆಯುತ್ತದೆ. ಪ್ರೋಸ್ಟಗ್ಲಾಂಡಿನ್ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಹಸುವಿನಲ್ಲಿ.

ಅಂಡಾಶಯ ಸುಮ್ಮನಿದ್ದರೆ: ಕರುವಿನ ಪಾತ್ರ

ಮೇಲಿನ ಯಾವುದೂ ಅಲ್ಲ, ಗರ್ಭಕೋಶ ಸ್ವಚ್ಛವಾಗಿದೆ, ಅಂಡಾಶಯಗಳು ಚಿಕ್ಕದಾಗಿವೆ ಅಥವಾ ಸಣ್ಣ ಗುಳ್ಳೆಗಳಿವೆ, ಆದರೆ ಹಳದಿ ಪಿಂಡ ಇಲ್ಲ ಎಂದಾದರೆ ಈ ಬರಹದ ಮುಖ್ಯ ವಿಷಯಕ್ಕೆ ಬಂದೆವು. ಇಲ್ಲಿ ಹಸುವಿಗೆ ರೋಗವಿಲ್ಲ. ಅದರ ಮೆದುಳು ಬೆದೆಯನ್ನು ತಡೆಹಿಡಿದಿದೆ. ಏಕೆ ಮತ್ತು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ತಿಳಿಯಬೇಕು, ಏಕೆಂದರೆ ಯಾವ ಚಿಕಿತ್ಸೆ ಫಲಿಸುತ್ತದೆ, ಯಾವುದು ವ್ಯರ್ಥ ಎಂಬುದೆಲ್ಲ ಇದರ ಮೇಲೆ ನಿಂತಿದೆ.

ಗಬ್ಬದ ಕೊನೆಯ ತಿಂಗಳುಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಬಹಳ ಹೆಚ್ಚಿರುತ್ತವೆ. ಅವುಗಳ ಒತ್ತಡದಲ್ಲಿ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿಯಲ್ಲಿನ, ಅಂಡ ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನಿನ ದಾಸ್ತಾನು ಬರಿದಾಗಿರುತ್ತದೆ. ಕರು ಹಾಕಿದ ಮೇಲೆ ಅದು ಮತ್ತೆ ತುಂಬಿಕೊಳ್ಳಲು ಎರಡು ಮೂರು ವಾರ ಬೇಕು. ಅದೇ ಗ್ರಂಥಿಯ ಇನ್ನೊಂದು ಹಾರ್ಮೋನ್ ಎಫ್‌ಎಸ್‌ಎಚ್ ಮಾತ್ರ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುವುದರಿಂದ ಅಂಡಕೋಶಿಕೆಗಳು, ಅಂದರೆ ಅಂಡವಿರುವ ಗುಳ್ಳೆಗಳು, ಅಲೆಅಲೆಯಾಗಿ ಬೆಳೆಯತೊಡಗುತ್ತವೆ. ಪ್ರತಿ ಅಲೆಯಲ್ಲೂ ಒಂದು ಗುಳ್ಳೆ ಮುಂದೆ ಬಂದು ದೊಡ್ಡದಾಗುತ್ತದೆ, ಆದರೆ ಒಡೆಯದೆ ಕುಗ್ಗಿಹೋಗುತ್ತದೆ. ಅದು ಒಡೆಯಬೇಕಾದರೆ ಎಲ್‌ಎಚ್ ಸುಮಾರು ಗಂಟೆಗೊಂದರಂತೆ ಮಿಡಿಯಬೇಕು. ಕರು ಕುಡಿಸುತ್ತಿರುವ ಹಸುವಿನಲ್ಲಿ ಆ ಮಿಡಿತ ಹಲವು ಗಂಟೆಗಳಿಗೊಮ್ಮೆ ಮಾತ್ರ ಬರುತ್ತದೆ. ಅಂಡಾಶಯ ಸತ್ತಿಲ್ಲ, ಅದಕ್ಕೆ ಮೇಲಿನಿಂದ ಬರಬೇಕಾದ ಕರೆ ಸಾಲುತ್ತಿಲ್ಲ ಅಷ್ಟೇ.

ಆ ಕರೆಯನ್ನು ತಡೆಯುವುದು ಏನು ಎಂಬ ಪ್ರಶ್ನೆಗೆ ಬಹಳ ಕಾಲ ಎಲ್ಲರೂ ಕೊಡುತ್ತಿದ್ದ ಉತ್ತರ ಮೊಲೆತೊಟ್ಟಿನ ಸ್ಪರ್ಶ ಮತ್ತು ಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ಎಂಬುದು. ಎರಡೂ ಪೂರ್ತಿ ಸರಿಯಲ್ಲ. ಹಸುವಿನಲ್ಲಿ ಪ್ರೊಲ್ಯಾಕ್ಟಿನನ್ನು ಔಷಧದಿಂದ ತಗ್ಗಿಸಿದರೂ ಬೆದೆ ಬೇಗ ಬರುವುದಿಲ್ಲ. ಕೈಯಿಂದ ಅಥವಾ ಯಂತ್ರದಿಂದ ದಿನಕ್ಕೆ ಎರಡು ಬಾರಿ ಕರೆದರೆ ಕರು ಕುಡಿಸಿದಷ್ಟು ತಡೆ ಉಂಟಾಗುವುದಿಲ್ಲ. ಕೆಚ್ಚಲಿಗೆ ಹೋಗುವ ನರಗಳನ್ನು ಕತ್ತರಿಸಿದ ಹಸುಗಳಲ್ಲೂ ತನ್ನ ಕರು ಜೊತೆಯಲ್ಲಿದ್ದಾಗ ತಡೆ ಹಾಗೆಯೇ ಉಳಿಯಿತು. ಬೇರೆಯವರ ಕರುವನ್ನು ತಂದು ಕುಡಿಸಿದಾಗ ಹಸು ಅದನ್ನು ತನ್ನದೆಂದು ಒಪ್ಪದಿದ್ದರೆ ತಡೆ ಸಡಿಲವಾಯಿತು. ಟೆಕ್ಸಾಸಿನಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಾಯಿಯ ದೃಷ್ಟಿ ಮತ್ತು ವಾಸನೆ ಎರಡನ್ನೂ ತಡೆದಾಗ ಕರು ಎಂದಿನಂತೆ ಕುಡಿಯುತ್ತಿದ್ದರೂ ಎಲ್‌ಎಚ್ ಮಿಡಿತ ಏರಿತು, ಎರಡರಲ್ಲಿ ಒಂದೇ ಒಂದು ಉಳಿದರೂ ತಡೆ ಮುಂದುವರಿಯಿತು.

ಇದರರ್ಥ ಬೆದೆಯನ್ನು ತಡೆಯುವುದು ಬರೀ ಚೀಪುವ ಬಾಯಿಯಲ್ಲ, "ಇದು ನನ್ನ ಕರು" ಎಂಬ ತಾಯಿಯ ಗುರುತು. ಆ ಕರು ಬಂದು ಕುಡಿದಾಗಲೆಲ್ಲ ಮೆದುಳಿನಲ್ಲೇ ಹುಟ್ಟುವ, ಅಫೀಮಿನ ಗುಣದ ಬೀಟಾ ಎಂಡಾರ್ಫಿನ್‌ನಂಥ ವಸ್ತುಗಳು ಹೈಪೋಥಲಾಮಸ್ ಎಂಬ ಮೆದುಳಿನ ಭಾಗದಿಂದ, ಎಲ್‌ಎಚ್ ಹೊರಡಿಸುವ ಜಿಎನ್‌ಆರ್‌ಎಚ್ ಹಾರ್ಮೋನ್ ಬಿಡುಗಡೆಯಾಗದಂತೆ ಹಿಡಿಯುತ್ತವೆ. ಅಂಡಾಶಯದಿಂದ ಬರುವ ಅತಿ ಸ್ವಲ್ಪ ಈಸ್ಟ್ರೋಜನ್ ಕೂಡ ಆ ಸ್ಥಿತಿಯಲ್ಲಿ ಹೈಪೋಥಲಾಮಸನ್ನು ಇನ್ನಷ್ಟು ಅದುಮುತ್ತದೆ. ಈ ಅಫೀಮು ಗುಣವನ್ನು ತಡೆಯುವ ನಲೊಕ್ಸೋನ್ ಎಂಬ ಔಷಧವನ್ನು ಕರು ಕುಡಿಸುವ ಹಸುವಿಗೆ ಕೊಟ್ಟಾಗ ಎಲ್‌ಎಚ್ ಏರಿದ್ದು ಇದಕ್ಕೆ ಸಿಕ್ಕ ಗಟ್ಟಿ ಪುರಾವೆ. ಕರುವನ್ನು ನೆಕ್ಕುತ್ತ ನಿಂತ ಹಸುವಿನ ಕಣ್ಣಲ್ಲಿ ಕಾಣುವ ಆ ತಣ್ಣಗಿನ ನೋಟವನ್ನು ನೋಡಿದಾಗಲೆಲ್ಲ ನನಗೆ ಈ ವಿವರ ನೆನಪಾಗುತ್ತದೆ.

ನಮ್ಮ ಕೊಟ್ಟಿಗೆಗೆ ಇದರಿಂದ ಸಿಗುವ ಪಾಠ ಬಹಳ ನಿರ್ದಿಷ್ಟವಾದದ್ದು. "ಕರುವನ್ನು ಕಟ್ಟಿಯೇ ಹಾಕಿದ್ದೇವೆ" ಎನ್ನುವ ಮನೆಗಳಲ್ಲಿ ಕರು ತಾಯಿಯಿಂದ ಎರಡು ಮಾರು ದೂರದ ಗೂಟದಲ್ಲಿ, ಮುಖಾಮುಖಿಯಾಗಿ ಇರುತ್ತದೆ. ದಿನಕ್ಕೆ ಒಮ್ಮೆ ಮಾತ್ರ ಕುಡಿಸಿದ ಹಸುಗಳ ಪೈಕಿ, ಉಳಿದ ಹೊತ್ತು ಕರು ಕಣ್ಣಿಗೆ ಬೀಳದಷ್ಟು ದೂರವಿದ್ದ ಹಸುಗಳು, ಕರು ಪಕ್ಕದಲ್ಲೇ ಇದ್ದ ಹಸುಗಳಿಗಿಂತ ಬೇಗ ಬೆದೆಗೆ ಮರಳಿದ್ದನ್ನು ಐರ್ಲೆಂಡಿನ ಪ್ರಯೋಗಗಳು ತೋರಿಸಿವೆ. ಗೂಟ ಎಲ್ಲಿದೆ ಎಂಬುದೂ ಚಿಕಿತ್ಸೆಯ ಭಾಗವೇ.

ಮೈಕಟ್ಟನ್ನು ಕೈಯಿಂದ ಅಳೆಯಿರಿ

ಕರುವಿನ ತಡೆ ಎಲ್ಲ ಹಸುವಿನಲ್ಲೂ ಇದ್ದೇ ಇರುತ್ತದೆ. ಮೈಯಲ್ಲಿ ಕಸುವಿರುವ ಹಸು ಎರಡು ತಿಂಗಳಲ್ಲಿ ಅದನ್ನು ಮೀರಿ ಬೆದೆಗೆ ಬರುತ್ತದೆ, ಸೊರಗಿದ ಹಸು ಆರು ತಿಂಗಳಾದರೂ ಮೀರುವುದಿಲ್ಲ. ಮೇವಿನಿಂದ ಬಂದ ಶಕ್ತಿಯನ್ನು ಹಸು ಮೊದಲು ಜೀವ ಉಳಿಸಿಕೊಳ್ಳಲು, ಆಮೇಲೆ ಹಾಲಿಗೆ, ಎಳೆಯದಾದರೆ ಬೆಳವಣಿಗೆಗೆ ಬಳಸುತ್ತದೆ. ಮುಂದಿನ ಗಬ್ಬದ ಸರದಿ ಕೊನೆಗೆ ಬರುವಂಥದ್ದು. ಮೈಯ ಕೊಬ್ಬಿನಿಂದ ಬರುವ ಲೆಪ್ಟಿನ್, ರಕ್ತದ ಇನ್ಸುಲಿನ್ ಮತ್ತು ಬೆಳವಣಿಗೆಗೆ ನೆರವಾಗುವ ಐಜಿಎಫ್-1 ಎಂಬ ಹಾರ್ಮೋನುಗಳು ಕಡಿಮೆಯಾದಾಗ ಮೆದುಳು ಮೈ ಬರಿದಾಗಿದೆ ಎಂದು ತಿಳಿದು ಎಲ್‌ಎಚ್ ಮಿಡಿತವನ್ನು ಇನ್ನಷ್ಟು ತಗ್ಗಿಸುತ್ತದೆ.

ಹಳ್ಳಿಕಾರ್ ಹಸುವಿನ ಮೈಕಟ್ಟನ್ನು ದೂರದಿಂದ ನೋಡಿ ಹೇಳಬಾರದು. ಅದು ಹುಟ್ಟಾ ತೆಳುಮೈಯ, ಬಿಗಿ ಚರ್ಮದ ತಳಿ. ಚೆನ್ನಾಗಿರುವ ಹಸುವೂ ಎಚ್.ಎಫ್. ಕಂಡ ಕಣ್ಣಿಗೆ ಬಡಕಲಾಗಿ ಕಾಣುತ್ತದೆ. ಅಂಗೈಯನ್ನು ಸೊಂಟದ ಮೇಲೆ, ಕೊನೆಯ ಪಕ್ಕೆಲುಬಿಗೂ ಟೊಂಕದ ಮೂಳೆಗೂ ನಡುವೆ ಅಡ್ಡಲಾಗಿ ಇಟ್ಟು ಒತ್ತಬೇಕು. ಗಿಡ್ಡ ಎಲುಬುಗಳ ತುದಿಗಳು ಒತ್ತಿದಾಗ ಮಾತ್ರ ಒಂದೊಂದಾಗಿ ಸಿಕ್ಕಿದರೆ ಐದರ ಅಳತೆಯಲ್ಲಿ ಮೂರು ಅಂಕ. ಒತ್ತದೆಯೇ ಬೆರಳಿಗೆ ಚೂಪಾಗಿ ತಾಕಿದರೆ, ಬಾಲದ ಬುಡದ ಎರಡೂ ಬದಿ ಗುಳಿಬಿದ್ದಿದ್ದರೆ, ಎರಡು ಅಥವಾ ಅದಕ್ಕಿಂತ ಕಡಿಮೆ. ಎರಡೂವರೆಗಿಂತ ಕೆಳಗಿನ ಹಸುವಿಗೆ ಯಾವ ಹಾರ್ಮೋನನ್ನೂ ಕೊಡುವ ಮೊದಲು ಮೇವು ಸರಿಪಡಿಸಬೇಕು.

ಕರು ಹಾಕುವ ದಿನ ಇದ್ದ ಮೈಕಟ್ಟು, ಆಮೇಲೆ ಹಾಕುವ ಹಿಂಡಿಗಿಂತ ಹೆಚ್ಚು ಪ್ರಭಾವ ಬೀರುತ್ತದೆ. ನಮ್ಮಲ್ಲಿ ಹಾಲು ಬತ್ತಿದ ಗಬ್ಬದ ಹಸುವಿಗೆ ಒಣ ರಾಗಿ ಹುಲ್ಲು ಮಾತ್ರ ಹಾಕಿ, ಕರು ಹಾಕಿದ ಮೇಲೆ ಬೂಸಾ, ಹಿಂಡಿ ಶುರುಮಾಡುವುದು ರೂಢಿ. ಇದನ್ನು ಬದಲಿಸಬೇಕು. ಗಬ್ಬದ ಕೊನೆಯ ಎರಡು ತಿಂಗಳು ಒಂದರಿಂದ ಒಂದೂವರೆ ಕಿಲೋ ಹಿಂಡಿ ಮಿಶ್ರಣ, ಸಿಕ್ಕಷ್ಟು ಹಸಿ ಮೇವು ಮತ್ತು ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ ಕೊಟ್ಟರೆ ಮುಂದಿನ ಬೆದೆಗೆ ಅದೇ ಅಡಿಪಾಯ. ನಮ್ಮ ಹೊಲಗಳ ಒಣ ಮೇವಿನಲ್ಲಿ ರಂಜಕ, ಸತು, ತಾಮ್ರಗಳು ಸಾಲದೆ ಬರುವುದು ಸಾಮಾನ್ಯ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣಗಳ ಮೇಲೆ ಕೆಲಸ ಮಾಡಿರುವುದೂ ಇದೇ ಕಾರಣಕ್ಕೆ. ಜಂತುಹುಳು ಮತ್ತು ಕೆರೆಯಂಚಿನಲ್ಲಿ ಮೇಯುವ ಹಸುಗಳ ಯಕೃತ್ತಿನ ಹುಳುವಿಗೆ ಸಗಣಿ ಪರೀಕ್ಷೆ ಮಾಡಿಸಿ ಔಷಧ ಕೊಡಿಸಿ.

ಸರಿಪಡಿಸುವ ಕ್ರಮ

ಮೊದಲು ಮೇವು, ಜೊತೆಗೇ ಕರುವಿನ ವ್ಯವಸ್ಥೆ, ಅವೆರಡೂ ನಡೆದ ಮೇಲೆ ಬೇಕಾದರೆ ಹಾರ್ಮೋನ್. ಈ ಅನುಕ್ರಮವನ್ನು ಹಿಂದುಮುಂದು ಮಾಡಬೇಡಿ.

ಕರುವಿಗೆ ಒಂದು ತಿಂಗಳು ತುಂಬುವವರೆಗೆ ಅದನ್ನು ತಾಯಿಯಿಂದ ತಡೆಯಬಾರದು. ಆಮೇಲೆ ಕುಡಿಸುವ ಹೊತ್ತನ್ನು ಕಡಿಮೆ ಮಾಡುತ್ತ ಬರಬಹುದು. ದೇಸಿ ಹಸು ಕರು ಮುಟ್ಟದೆ ಸೊರೆ ಬಿಡುವುದಿಲ್ಲ ಎಂಬುದು ನಿಜ, ಹಾಗಾಗಿ ಕರುವನ್ನು ಪೂರ್ತಿ ಬಿಡಿಸುವುದು ನಮ್ಮಲ್ಲಿ ಆಗದ ಮಾತು. ಆದರೆ ಕರೆಯುವ ಹೊತ್ತಿಗೆ ಕರುವನ್ನು ತಂದು, ಸೊರೆ ಬಿಡಿಸಿ, ಕರೆದು, ಅದರ ಪಾಲಿನ ಹಾಲನ್ನು ಆಗಲೇ ಕುಡಿಸಿ, ಮತ್ತೆ ಮನೆಯ ಹಿಂದಕ್ಕೆ, ತಾಯಿಗೆ ಕಾಣದ, ಗಾಳಿ ಬೀಸಿದರೆ ವಾಸನೆಯೂ ಬಾರದ ಕಡೆಗೆ ಒಯ್ಯುವುದು ಖಂಡಿತ ಸಾಧ್ಯ. ಟೆಕ್ಸಾಸಿನಲ್ಲಿ ಬ್ರಾಹ್ಮನ್ ಮಿಶ್ರತಳಿಯ ಮೊದಲ ಸೂಲಿನ ಹಸುಗಳಿಗೆ 30ನೆಯ ದಿನದಿಂದ ದಿನಕ್ಕೆ ಒಂದೇ ಬಾರಿ ಕರು ಕುಡಿಸಿದಾಗ ಬೆದೆ ಸರಾಸರಿ 69 ದಿನಕ್ಕೆ ಮರಳಿತು, ಕರುವನ್ನು ಜೊತೆಗೇ ಬಿಟ್ಟ ಹಸುಗಳು 168 ದಿನ ತೆಗೆದುಕೊಂಡವು. ಇದು 1981ರಲ್ಲಿ ಪ್ರಕಟವಾದ ಫಲಿತಾಂಶ. ಮೂರು ತಿಂಗಳು ಮೀರಿ ಹುಲ್ಲು, ಹಿಂಡಿಗೆ ಬಾಯಿ ಹಾಕುವ ಕರುವಿಗೆ ದಿನಕ್ಕೊಂದು ಹೊತ್ತಿನ ಹಾಲು ಸಾಕು. ಎರಡು ತಿಂಗಳಿಗಿಂತ ಎಳೆಯದಕ್ಕೆ ಎರಡು ಹೊತ್ತು ಬೇಕು.

ಎರಡು ದಿನ, ಅಂದರೆ 48 ಗಂಟೆ, ಕರುವನ್ನು ಪೂರ್ತಿ ದೂರವಿಡುವುದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಸಾಧಾರಣ ಮೈಕಟ್ಟಿನ ಹಸುವಿನಲ್ಲಿ ಆ ಅವಧಿಯಲ್ಲಿ ಎಲ್‌ಎಚ್ ಮಿಡಿತ ಏರುತ್ತದೆ. ಅದೇ ಹೊತ್ತಿಗೆ ಅಂಡಾಶಯದಲ್ಲಿ ಹದವಾದ ಗುಳ್ಳೆಯಿದ್ದರೆ ಒಡೆಯುತ್ತದೆ, ಇಲ್ಲದಿದ್ದರೆ ಕರು ಮರಳಿದ ಕೂಡಲೇ ತಡೆಯೂ ಮರಳುತ್ತದೆ. ಸೊರಗಿದ ಹಸುವಿನಲ್ಲಿ ಇದು ಬಹುತೇಕ ಫಲಿಸುವುದಿಲ್ಲ. ಹೀಗಾಗಿ 60 ದಿನ ದಾಟಿದ, ಮೈಯಿರುವ ಹಸು ಇದಕ್ಕೆ ಸ್ಪಂದಿಸಿದರೆ ತಡೆದದ್ದು ಕರು ಎಂದು, ಸ್ಪಂದಿಸದಿದ್ದರೆ ಮೇವಿನ ಕಡೆ ಇನ್ನೂ ಹುಡುಕಬೇಕೆಂದು ತಿಳಿಯಬಹುದು. ಆ ಎರಡು ದಿನ ಕರುವಿಗೆ ನೆರಳು, ನೀರು, ಹಸಿ ಮೇವು ಇರಲೇಬೇಕು. ಹಸುವಿನ ಕೆಚ್ಚಲನ್ನು ಕೈಯಿಂದ ಆದಷ್ಟು ಹಿಂಡಿ ಬಿಡುವು ಕೊಡಬೇಕು, ಇಲ್ಲವಾದರೆ ಕೆಚ್ಚಲು ಬಾವು ಬಂದೀತು. ಹಗ್ಗ, ಗೂಟ ಗಟ್ಟಿಯಿರಲಿ. ಮೊದಲ ರಾತ್ರಿ ತಾಯಿ ಕರುಗಳ ಕೂಗು ಕೇಳಲಾಗದೆ ಎಷ್ಟೋ ಮನೆಯವರು ನಡುರಾತ್ರಿ ಎದ್ದು ಕರು ಬಿಟ್ಟುಬಿಡುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಅಂಥವರಿಗೆ ದಿನಕ್ಕೊಮ್ಮೆ ಕುಡಿಸುವ ದಾರಿಯೇ ಲೇಸು.

ಹೋರಿಯ ಸಹವಾಸವೂ ಬೆದೆಯನ್ನು ಬೇಗ ತರುತ್ತದೆ ಎಂಬುದಕ್ಕೆ ಅಮೆರಿಕದ ಹಿಂಡುಗಳಲ್ಲಿ ಸಾಕಷ್ಟು ಆಧಾರವಿದೆ. ಹೋರಿಯನ್ನು ಕರು ಹಾಕಿದ ಕೆಲವು ವಾರಗಳಿಂದಲೇ ಬೇಲಿಯಾಚೆ ಇಟ್ಟರೂ ಅದರ ವಾಸನೆ, ಇರವು ಕೆಲಸ ಮಾಡುತ್ತವೆ.

ಹಾರ್ಮೋನುಗಳ ವಿಷಯದಲ್ಲಿ ಯಾವುದು ಯಾವ ಸ್ಥಿತಿಗೆ ಎಂಬುದನ್ನು ಮರೆಯಬಾರದು. ಪ್ರೋಸ್ಟಗ್ಲಾಂಡಿನ್ ಹಳದಿ ಪಿಂಡವನ್ನು ಕರಗಿಸುತ್ತದೆ, ಅಷ್ಟೇ. ಪಿಂಡವೇ ಇಲ್ಲದ, ಸುಮ್ಮನಿರುವ ಅಂಡಾಶಯದಲ್ಲಿ ಅದು ಕರಗಿಸಲು ಏನೂ ಇಲ್ಲ. ಆ ಕುಣಿಗಲ್ ಹಸುವಿಗೆ ಮೊದಲು ಹಾಕಿದ್ದ ಎರಡೂ ಸೂಜಿಗಳು ಅದೇ ಆಗಿದ್ದವು, ಖಾಲಿ ಸೀಸೆಗಳನ್ನು ಕಿಟಕಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಈ ಔಷಧ ಚರ್ಮದ ಮೂಲಕವೂ ಮೈಗೆ ಇಳಿಯುವುದರಿಂದ ಬಸುರಿಯರು ಮತ್ತು ಉಬ್ಬಸ ಇರುವವರು ಅದನ್ನು, ಅದರ ಸೀಸೆಯನ್ನು ಮುಟ್ಟಲೇಬಾರದು ಎಂದು ಮನೆಯವರಿಗೆ ಬಿಡಿಸಿ ಹೇಳಬೇಕು.

ಸುಮ್ಮನಿರುವ ಅಂಡಾಶಯಕ್ಕೆ ಹೊಂದುವುದು ಪ್ರೊಜೆಸ್ಟರಾನ್ ಸಾಧನ. ಯೋನಿಯೊಳಗೆ ಏಳರಿಂದ ಒಂಬತ್ತು ದಿನ ಇಟ್ಟು ತೆಗೆಯುವ ಈ ಸಾಧನ ಮೆದುಳನ್ನು ಬೆದೆಗೆ ಅಣಿಗೊಳಿಸುತ್ತದೆ. ಅದನ್ನು ತೆಗೆಯುವ ದಿನವೇ ಕರುವನ್ನು 48 ಗಂಟೆ ಬೇರ್ಪಡಿಸಿದರೆ ಫಲ ಹೆಚ್ಚು. ಜಿಎನ್‌ಆರ್‌ಎಚ್ ಸೂಜಿ ಹದವಾದ ಗುಳ್ಳೆ ಇರುವಾಗ ಮಾತ್ರ ಅದನ್ನು ಒಡೆಯಬಲ್ಲದು. ಯಾವ ದಿನ ಯಾವುದು, ಎಷ್ಟು ಎಂಬುದನ್ನು ಹಸುವಿನ ಅಂಡಾಶಯವನ್ನು ಕೈಯಲ್ಲಿ ಹಿಡಿದು ನೋಡಿದ ವೈದ್ಯರೇ ನಿರ್ಧರಿಸಬೇಕು.

ಮೊದಲ ಬೆದೆಯ ನಂತರ

ತಡೆ ಸಡಿಲವಾದ ಮೇಲೆ ಬರುವ ಮೊದಲ ಅಂಡೋತ್ಸರ್ಗ ಬಹುಪಾಲು ಬೆದೆಯ ಗುರುತಿಲ್ಲದೆ ಆಗುತ್ತದೆ. ಆಗ ಹುಟ್ಟುವ ಹಳದಿ ಪಿಂಡಕ್ಕೆ ಆಯುಷ್ಯ ಕಡಿಮೆ. ಗರ್ಭಕೋಶ ಅವಧಿಗೆ ಮುಂಚೆಯೇ ಪ್ರೋಸ್ಟಗ್ಲಾಂಡಿನ್ ಬಿಟ್ಟು ಅದನ್ನು ಕರಗಿಸುವುದರಿಂದ ಎಂಟು ಹತ್ತು ದಿನಕ್ಕೇ ಹಸು ಮತ್ತೆ ಬೆದೆಗೆ ಬರುತ್ತದೆ. ಇದು ಹೊಸ ದೋಷವಲ್ಲ, ಚಕ್ರ ಹಳಿಗೆ ಬರುತ್ತಿರುವ ಲಕ್ಷಣ. ಮೊದಲ ಬೆದೆಯಲ್ಲಿ ಕಟ್ಟಿದ ಗಬ್ಬ ನಿಲ್ಲುವುದು ಅಪರೂಪ, ಎರಡನೆಯದರಲ್ಲಿ ನಿಲ್ಲುವ ಸಾಧ್ಯತೆ ಬಹಳ ಹೆಚ್ಚು. ಪ್ರೊಜೆಸ್ಟರಾನ್ ಸಾಧನ ಬಳಸಿದ ಹಸುವಿನಲ್ಲಿ ಈ ಗಿಡ್ಡ ಚಕ್ರ ಸಾಮಾನ್ಯವಾಗಿ ಕಾಣುವುದಿಲ್ಲ, ಅದರ ದೊಡ್ಡ ಪ್ರಯೋಜನಗಳಲ್ಲಿ ಇದೂ ಒಂದು. ಬೆದೆ ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು.

ಕುಣಿಗಲ್ ಕಡೆಯ ಆ ಹಸುವಿನ ಸೊಂಟದ ಮೇಲೆ ಅಂಗೈ ಇಟ್ಟಾಗ ಎಲುಬಿನ ತುದಿಗಳು ಗರಗಸದಂತೆ ತಾಕಿದ್ದವು. ಗಬ್ಬವಿರಲಿಲ್ಲ, ಗರ್ಭಕೋಶ ಸರಿಯಿತ್ತು, ಎರಡೂ ಅಂಡಾಶಯಗಳು ಅವರೆಕಾಳಿನಂತೆ ನುಣುಪಾಗಿದ್ದವು, ಹತ್ತು ದಿನ ಬಿಟ್ಟು ನೋಡಿದಾಗಲೂ ಹಾಗೆಯೇ ಇದ್ದವು. ಸೂಜಿ ಹಾಕಲಿಲ್ಲ. ನಾಲ್ಕೂವರೆ ತಿಂಗಳ ಕರುವನ್ನು ಹಿತ್ತಲಿನ ಹುಣಸೆಮರದ ಬುಡಕ್ಕೆ ವರ್ಗಾಯಿಸಿ, ಬೆಳಿಗ್ಗೆ ಒಂದೇ ಹೊತ್ತು ಕುಡಿಸಲು ಹೇಳಿದೆ. ಹಸುವಿಗೆ ದಿನಕ್ಕೆ ಒಂದೂವರೆ ಕಿಲೋ ಕಡಲೆಕಾಯಿ ಹಿಂಡಿ ಮತ್ತು ಹುರುಳಿ ನುಚ್ಚಿನ ಮಿಶ್ರಣ, ಬದುವಿನ ಹಸಿ ಹುಲ್ಲು, ಖನಿಜ ಮಿಶ್ರಣ ಗೊತ್ತುಮಾಡಿದೆ. ಆರನೆಯ ವಾರದ ಕೊನೆಯಲ್ಲಿ ಫೋನ್ ಬಂತು, ಹಸು ಲೋಳೆ ಹಾಕಿದೆ ಎಂದು. ಗರ್ಭಧಾರಣೆ ಮಾಡಿಸದೆ ಕಾಯಲು ತಿಳಿಸಿದೆ. ಒಂಬತ್ತು ದಿನಕ್ಕೆ ಮತ್ತೆ ಫೋನ್ ಮಾಡಿ, "ಇಪ್ಪತ್ತೊಂದು ದಿನ ಆಗ್ಲೇ ಇಲ್ಲ, ಮತ್ತೆ ಬೆದೆಗೆ ಬಂದಿದೆಯಲ್ಲ ಡಾಕ್ಟ್ರೇ, ಏನೋ ಕೆಟ್ಟಿದೆ" ಎಂದು ಗಾಬರಿಯಾದರು. ಕೆಟ್ಟಿರಲಿಲ್ಲ. ಅಂದು ಸಂಜೆ ಹಳ್ಳಿಕಾರ್ ಹೋರಿಯ ವೀರ್ಯದಿಂದಲೇ ಗರ್ಭಧಾರಣೆ ಮಾಡಿಸಲಾಯಿತು. ದೀಪಾವಳಿಯ ಹೊತ್ತಿಗೆ ಕೈಹಾಕಿ ನೋಡಿದಾಗ ಗರ್ಭಕೋಶದ ಎಡಗಡೆಯ ಕೊಂಬಿನಲ್ಲಿ ಗಬ್ಬ ಸಿಕ್ಕಿತು, ಕರು ಹಾಕುವ ತಿಂಗಳನ್ನು ಆ ಹೆಂಗಸು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟರು. ಅದಕ್ಕೆ ಎರಡು ತಿಂಗಳು ಮುಂಚೆ ಹಿಂಡಿ ಶುರುಮಾಡಬೇಕಾದ ದಿನವನ್ನೂ ಅದರ ಕೆಳಗೇ ಬರೆಸಿ ಬಂದೆ.